ನಾಕು ಶೆಲ್ಲು

ಸೊಲ್ಲಾಪುರದ ನವಿ ಪೇಠದಾಗ
ಅಂಗಡಿ ಹುಡುಗ ಮೂರು ನಮೂನಿ ತೆಗೆದಿಟ್ಟ.
ಕೆಂಪು ಅಂಗಿದು ಅಗ್ಗದ್ದು, ಟಾರ್ಚಿಗೆ ಸಾಕಂದ.
ಅದು ಹೊಟ್ಟಿ ಒಡದು ಉಪ್ಪು ಕಾರೂದು ನನಗ ಗೊತ್ತಿತ್ತು.
ಎರಡನೇದು ಒಂದೂವರೆ ವೋಲ್ಟು, ಒಂದೇ ಜನ್ಮ.
ಮೂರನೇದು ಮತ್ತ ಮತ್ತ ತುಂಬಿಕೊಳ್ಳೂದು,
ಸಾವಿರ ಸಲ ಅಂತ ಡಬ್ಬಿ ಮ್ಯಾಲ ಬರದದ.
"ಆದ್ರ ಕಾಕಾ, ಇದು ಒಂದು ಪಾಯಿಂಟ್ ಎರಡೇ"
ಅಂದ ಮರಾಠಿಯೊಳಗ, ದನಿ ಇಳಿಸಿ,
ಹೆಣ್ಣಿನ ಕಡೆಯವರಿಗೆ ವರನ ಪಗಾರ ಹೇಳಿಧಾಂಗ.

ಮೂರನೇದನ್ನೇ ತಂದೆ, ನಾಕು.
ಒಂದೂವರೆಯವು ಮೊದಲ ದಿನ ಮದುಮಗ,
ಆಮ್ಯಾಲ ದಿನಾ ಒಂದೊಂದು ಮೆಟ್ಟಲ ಇಳಿತಾವ.
ಇವುಗಳ ಪಗಾರ ಸಣ್ಣದು, ಖರೆ,
ತಿಂಗಳ ಕೊನಿತನಕ ಒಂದೇ ತರ ಮನಿ ನಡಸ್ತಾವ.

ರಿಮೋಟಿಗೆ ಮಾತ್ರ ಇದು ತಿಳಿಯೂದಿಲ್ಲ.
ಈಗಷ್ಟೇ ಹೊಟ್ಟಿ ತುಂಬ ಉಂಡ ಶೆಲ್ಲು ಹಾಕಿದ್ರೂ
ಮೂರು ಗೆರಿಯೊಳಗ ಎರಡೇ ತೋರಿಸ್ತದ.
ಇರಲಿ.
ಮೂವತ್ತೊಂದು ವರ್ಷ ನನಗೂ ಹಾಂಗೇ ತೋರಿಸ್ಯಾರ.

ನಾನು ರಾವುತಪ್ಪ,
ಹೋಟಗಿ ಜಂಕ್ಷನ್ನಿನ ದೀಪದಾಂವ.
ಸಂಜಿ ಐದಕ್ಕ ಕಂಬ ಹತ್ತತಿದ್ದೆ:
ಬತ್ತಿ ಕತ್ತರಿಸಿ, ಗಾಜು ಒರಸಿ,
ಗ್ಯಾಸಲೇಟ ಎಣ್ಣಿ ಮುಂಜಾನಿತನಕ ಬರೂವಷ್ಟು.
ಕೈಯೊಳಗಿನ ವಾಸನಿಗೆ ನನ್ನ ರೊಟ್ಟಿ ಸೈತ ಉರಿತಿತ್ತು
ಅಂತಿದ್ಲು ಚಂಪಾಬಾಯಿ.
ನಮ್ಮ ನಿಯಮದಾಗ ಒಂದು ಸಾಲಿತ್ತು:
ದೀಪ ಆರಿದ್ರ ಅದು ಕೆಂಪು ಅಂತನೇ ಲೆಕ್ಕ.
ಏನೂ ಕಾಣಲಿಲ್ಲಂದ್ರ ಗಾಡಿ ನಿಲ್ಲಬೇಕು.
ಕತ್ತಲಿಗೂ ಒಂದು ಅರ್ಥ ಕೊಟ್ಟಿದ್ರು.

ಕಂಬ ಹೋದವು. ಸಣ್ಣ ಹಳಿನೂ ಕಿತ್ತರು.
ಈಗ ಎರಡು ಮಂಚ ಕೂಡಿಸಿ, ಮ್ಯಾಲ ಹಲಗಿ ಬಡದು
ಅಂಗೈ ಅಗಲದ ಮೀಟರ್‌ಗೇಜ್ ಹಾಸೀನಿ.
ಬಾಜು ಮನಿ ಮುಬೀನಾ ಎಂಟನೇ ಇಯತ್ತಾ;
ತಂತಿ ಹಚ್ಚೂದು ಆಕಿ, ಬೈಯೂದು ನಾನು.
ಶೆಲ್ಲಿಗೆ ಬಿಳಿ ಪಟ್ಟಿ ಅಂಟಿಸಿ
ತುಂಬಿದ ತಾರೀಖು ಆಕಿನೇ ಬರಿತಾಳ.

ಮಂಗಳವಾರ ಭಾರನಿಯಮನ, ಕರೆಂಟ್ ಇಲ್ಲ.
ಸೋಮವಾರ ರಾತ್ರಿನೇ ಹಚ್ಚಬೇಕು.
ಅವಸರದ ಚಾರ್ಜರ್ ಬ್ಯಾಡಂದೆ,
ಗಬಗಬ ಉಂಡಾಂವ ದುಡಿಯೂದಿಲ್ಲ.
ನಡುರಾತ್ರಿ ಎದ್ದು ಬೆರಳ ಬೆನ್ನಿಲೆ ಮುಟ್ಟಿ ನೋಡ್ತೀನಿ,
ಕೂಸಿನ ಹಣಿ ನೋಡಿಧಾಂಗ:
ಬೆಚ್ಚಗಿದ್ರ ಬಿಡು, ಸುಡತಿದ್ರ ತಗಿ.

ಮೊನ್ನೆ ಐತವಾರ
ಗಾಡಿ ಏಳನೇ ಹೆಜ್ಜಿ ವೇಗದಾಗಿತ್ತು.
ನಿಲ್ಲು ಅಂತ ಒತ್ತಿದೆ.
ರಿಮೋಟಿನ ಮಾರಿ ಕಪ್ಪಾಗಿತ್ತು, ಸತ್ತಿತ್ತು.
ಗಾಡಿ ನಿಲ್ಲಲಿಲ್ಲ!
ಅದಕ್ಕ ಗೊತ್ತಿದ್ದದ್ದು ಕೇಳಿದ ಕಡೀ ಮಾತೊಂದೇ: ಓಡು.
ಆರಿದ ದೀಪ ಅದರ ಲೆಕ್ಕದಾಗ ಹಸಿರು.
ಹಳಿ ಇನ್ನೂ ಹಾಸದ ತಿರುವಿನಾಗ
ಎಂಜಿನ್ ಹಾರಿ ಬಿತ್ತು, ಮಂಚದ ಕೆಳಗ
ಬಾಯಿ ತೆರದಿಟ್ಟ ಜ್ವಾಳದ ಹಿಟ್ಟಿನ ಡಬ್ಬಿಯೊಳಗ.
ಎಷ್ಟೋ ವರ್ಷದ ಮ್ಯಾಲ ಹೋಟಗಿಯೊಳಗ
ಮೀಟರ್‌ಗೇಜ್ ಎಂಜಿನ್ ಬಿಳಿ ಹೊಗಿ ಬಿಟ್ಟಿತು.
ಮುಬೀನಾ ಸೀಟಿ ಹೊಡದ್ಲು.

ನಾಕೂ ತಗದು ನೋಡಿದೆ.
ಮೂರಕ್ಕ ಪಟ್ಟಿ ಅದ. ನಾಕನೇದಕ್ಕಿಲ್ಲ,
ಹಳೇದು, ಹಾಂಗೇ ಕಾಣೂದು, ಅದೇ ಬಣ್ಣದ್ದು.
ನಾಕೆತ್ತಿನ ಬಂಡಿಗೆ ಒಂದು ಮುದಿ ಎತ್ತು ಕಟ್ಟಿದ್ರ
ಮೂರರ ಬಲ ಯಾರಿಗೆ ಬೇಕು?
"ಅದಾ? ಗಡಿಯಾರ ನಿಂತಿತ್ತು, ನಾನೇ ಬದಲಿ ಮಾಡೀನಿ"
ಅಂದ್ಲು ಚಂಪಾಬಾಯಿ, ಹಿಟ್ಟು ಜರಡಿ ಹಿಡೀತ.

ಗಡಿಯಾರದಾಗಿಂದು ತಗಿ ಅಂದೆ.
"ತಗದ್ರ ನಿಲ್ತದ."
ನಿಲ್ತದ.
ಆ ಒಂದು ಮಾತಿಗೆ ಸುಮ್ಮನಾದೆ.
ಆರಿದ್ರ ನಿಲ್ಲೂದು ಈ ಮನ್ಯಾಗ
ಅದಕ್ಕೊಂದಕ್ಕಾದ್ರೂ ಗೊತ್ತದಲ್ಲ, ಇರಲಿ.

ನಾಳೆ ನವಿ ಪೇಠ.
ಒಂದೇ ತಂದ್ರ ನಡೆಯೂದಿಲ್ಲ,
ಒಂದೇ ದಿನ ಹುಟ್ಟಿದ್ದು ನಾಕು ತರಬೇಕು.
ಗಡಿಯಾರದ ಶೆಲ್ಲಿಗೆ
ಮುಬೀನಾ ಬರದ ತಾರೀಖು ಹಾಂಗೇ ಅದ,
ಅದು ತೋರಿಸೂ ಟೈಮಿಗಿಂತ ನಾಕು ದಿನ ಹಿಂದ.