ಕಿರುಬೆರಳಿನ ಸಾಲು

ಪಣಜಿಯ ಬಸ್ ನಿಲ್ದಾಣದ ಹಿಂದೆ, ಮೂರನೇ ಮಹಡಿ.
ಒಂಬತ್ತೂಕಾಲಕ್ಕೆ ಎಡಿಟರ್ ತೆರೆಯುತ್ತೇನೆ.
ಅದಕ್ಕೆ ನನ್ನ ನೆನಪಿರುವುದಿಲ್ಲ.

ನಿನ್ನೆ ಸಂಜೆಯವರೆಗೂ ನನ್ನ ಮಾತು ಕೇಳಿದ ಕೀಲಿಗಳು
ರಾತ್ರಿ ಯಾರದೋ ಮನೆಯಲ್ಲಿ ಉಂಡು ಮಲಗೆದ್ದು
ಗುರುತಿಲ್ಲದವರ ಹಾಗೆ ಸಾಲಾಗಿ ಕೂತಿವೆ.
ಮೆನು, ಅದರೊಳಗೆ ಆಯ್ಕೆಗಳು, ಅದರೊಳಗೆ ಕೀಲಿಮಣೆ,
ಅದರೊಳಗೆ ‘ಪರ್ಯಾಯ’ ಅನ್ನುವ ಸಣ್ಣ ಚೌಕ.
ಅಲ್ಲೊಂದು ಟಿಕ್. ದಿನಾ.
ನೂರಾ ಅರವತ್ತರವರೆಗೆ ಎಣಿಸಿ ಬಿಟ್ಟೆ.

ಕಾರಣ ಇಷ್ಟೇ:
ನನ್ನ ಎಡಗೈ ಕಿರುಬೆರಳಿಗೆ ತುದಿಯಿಲ್ಲ.
ಬಾಯ್ನಾದ ಮನೆ, ತಗಡಿನ ಬಾಗಿಲು, ಜೂನ್ ತಿಂಗಳ ಗಾಳಿ.
ನನಗಾಗ ಏಳು ವರ್ಷ.
ಅವ್ವ ಅರಿಶಿನ ಮೆತ್ತಿ, ಸೀರೆಯಂಚು ಹರಿದು ಕಟ್ಟಿ
‘ಐದೂ ಬೆರಳು ಮೊದಲss ಸಮ ಇರಂಗಿಲ್ಲವಾ,
ಈಗೊಂದೀಟು ಹೆಚ್ಚಿಗಿ, ಅಷ್ಟ’ ಅಂದಳು.

ಕಂಟ್ರೋಲ್ ಕೀಲಿ ಮಾತ್ರ ಅದೇ ಮೂಲೆಯಲ್ಲಿದೆ,
ಇಲ್ಲದ ತುದಿಗೆ ಕಾಯುತ್ತ.
ಯಾರೋ ಎಲ್ಲೋ ಕೂತು
ತಮ್ಮ ಕೈಯಳತೆಗೆ ಊರಿಗೆಲ್ಲ ಕೈಗವಸು ಹೊಲಿದಿದ್ದಾರೆ.
ಅದಕ್ಕೆ ಡೀಫಾಲ್ಟ್ ಅನ್ನುತ್ತಾರೆ.

ನಮ್ಮ ಕೆಲಸ ಹಳೇ ಜಮೀನಿನ ದಾಖಲೆ,
ಪೋರ್ಚುಗೀಸರ ಕಾಲದ ಕಂದು ಕಾಗದ.
ಖಾಜನ್ ಗದ್ದೆ, ಅದರ ಬದು, ಬದುವಿನಾಚೆ
ಇಂಥವರ ತೆಂಗಿನ ಮರ ನಲವತ್ತೊಂದು.
ತಲೆ ಮೇಲೆ ಅಲೆ ಹೊತ್ತ ಎ, ಬಾಲ ಇಳಿಬಿಟ್ಟ ಸಿ.
ಆ ಭಾಷೆ ನನಗೆ ಬಾರದು, ಅದರ ಕಾಗುಣಿತವಷ್ಟೇ ಬರುತ್ತದೆ.
ಯಾರ ಯಾರ ಹೊಲವನ್ನೋ
ಒಂಬತ್ತೂವರೆ ಬೆರಳಿನಿಂದ ಉಳುತ್ತೇನೆ.
ನಮ್ಮ ಮನೆಗೆ ನಂಬರಿಲ್ಲ.

ಬೆಳಗಿನ ಬಸ್ಸಿನಲ್ಲಿ, ಜುವಾರಿ ಸೇತುವೆ ಬರುವ ಮೊದಲೇ
ಪಕ್ಕದವರು ಕೇಳುತ್ತಾರೆ: ನೀನು ಎಲ್ಲಿಯವಳು?
ಬಾಯ್ನಾ ಅನ್ನುತ್ತೇನೆ.
ಅದಲ್ಲ, ಮೂಲ?
ಮುದ್ದೇಬಿಹಾಳ ಅನ್ನುತ್ತೇನೆ, ನಾನು ಮೂರೇ ಸಲ ಕಂಡ ಊರು.
ಹಾಂ, ಘಾಟಿ, ಅಂತ ಅವರು ಕಿಟಕಿಗೆ ತಿರುಗುತ್ತಾರೆ.
ಬಸ್ಸಿನ ಹೆಸರು ಕದಂಬ.
ಅದನ್ನು ಯಾರೂ ಕೇಳುವುದಿಲ್ಲ.

ಎದುರು ಮೇಜಿನ ಅಲೆಷೊ ಫುರ್ತಾದೊ
ಒಂದು ದಿನ ಕನ್ನಡಕ ಇಳಿಸಿ ಕೇಳಿದರು:
ದಿನಾ ಯಾಕೆ ಅದರ ಮುಂದೆ ಸೆರಗೊಡ್ಡುತ್ತೀ?
ಒಮ್ಮೆ ಬರೆದುಕೊಟ್ಟುಬಿಡು.

ಬರೆಯಬೇಕಾದ ಕಡತದ ಹೆಸರಿನ ಮುಂದೆ ಒಂದು ಚುಕ್ಕಿ.
ಚುಕ್ಕಿಯಿದ್ದರೆ ಕಡತ ಯಾರ ಕಣ್ಣಿಗೂ ಬೀಳುವುದಿಲ್ಲವಂತೆ.
ನಮ್ಮ ಓಣಿಗೂ ಯಾರೋ ಇಟ್ಟಿರಬೇಕು.

ಮೊದಲ ಸಲ ಒಂದು ಉದ್ಧರಣ ಚಿಹ್ನೆ ಮರೆತೆ.
ಎಡಿಟರ್ ತೆರೆಯಲೇ ಇಲ್ಲ.
ಅರ್ಧ ಗಂಟೆ ಬೆವರು, ಫುರ್ತಾದೊರ ನಗು,
ಅವರ ಡಬ್ಬಿಯಿಂದ ಅರ್ಧ ಚೊರೀಸ್ ಪಾವ್.
ಎರಡನೇ ಸಲ ತೆರೆಯಿತು.
ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ.
ಯಂತ್ರದ್ದು ಒಂದು ಸಾಲಿಗೆ ಹೋಯಿತು.

ಮಾರನೆಯ ಬೆಳಿಗ್ಗೆ ಕೂತೆ.
ಹೆಬ್ಬೆರಳು ಬಿತ್ತು, ಗೆರೆ ಸರಿಯಿತು, ಗದ್ದೆಯ ಬದು ದಾಟಿತು.
ಕಿರುಬೆರಳು ಮೇಜಿನಂಚಿನಲ್ಲಿ ಸುಮ್ಮನೆ,
ಹಬ್ಬದ ದಿನದ ಹೆಂಗಸಿನ ಹಾಗಲ್ಲ,
ಹಬ್ಬ ಮುಗಿದ ಮಾರನೆಯ ದಿನದವಳ ಹಾಗೆ.

ಬುಧವಾರ ನನಗೆ ರಜೆ. ಗುರುವಾರ ಬಂದರೆ
ಹೊಸ ಹುಡುಗ ಪುಂಡಲೀಕ ನನ್ನ ಕುರ್ಚಿಯಲ್ಲಿ,
ಹತ್ತೂ ಬೆರಳು ಗಾಳಿಯಲ್ಲಿ.
‘ಅಕ್ಕಾ, ನಿನ್ನೆಯಿಂದ ಇದು ಕೆಟ್ಟಿದೆ.’

ಕೆಟ್ಟಿಲ್ಲ ಅಂದೆ.
ಮೆನುವಿಗೆ ಹೋಗು, ಅದರೊಳಗೆ ಆಯ್ಕೆಗಳು, ಅದರೊಳಗೆ ಕೀಲಿಮಣೆ,
ಕೆಳಗೊಂದು ಸಣ್ಣ ಚೌಕ ಇದೆ ನೋಡು. ಟಿಕ್ ತೆಗೆ.

ತೆಗೆದ. ಕೈ ಇಳಿಯಿತು.
‘ದಿನಾ ತೆಗೀಬೇಕಾ?’

ನಾನು ಕಾಗದದ ಮೇಲೆ ಬಗ್ಗಿ
ತೆಂಗಿನ ಮರ ಎಣಿಸುತ್ತಿದ್ದೆ.