ಒಳಗಿನ ಗಾಲಿ

ಇನಾಸ್ ಬಾಬನ ಗಾಡಿಗೆ ಗಾಲಿ ಆರು.
ಮುಂದ ಎರಡು, ಹಿಂದ ಜೋಡಿ ಜೋಡಿ.
ಎಡಕ್ಕ ಸ್ಟೇರಿಂಗ್ ಇರೋ ಅಮೇರಿಕದ ಪಿಕಪ್ಪು,
ಯಾವದೋ ಗಣಿ ಕಂಪನಿ ತರಿಸಿ, ಕಂಪನಿ ಮುಳುಗಿ,
ಈಗ ಬೇತುಲ್ ಧಕ್ಕಿಯೊಳಗ
ಬೋಟು ಎಳಿಯೋ ಕೆಲಸ ಅದಕ್ಕ.
ಕುಂಡಿ ತೊಯ್ಯೋತನ ಉಪ್ಪುನೀರಿಗೆ ಇಳಿದು
ಮ್ಯಾಲ ಬರೂದು, ಮೂವತ್ತು ವರ್ಷ.

ನಾವೆಲಿಯ ನಮ್ಮ ಶೆಡ್ಡಿಗೆ ಬಂದಾಗ
ಅಲ್ಯುಮಿನಿಯಂ ಅಂತ ಯಾರೂ ಅನ್ನಂಗಿರಲಿಲ್ಲ.
ಸುಣ್ಣ ಬಡಿದ ಗ್ವಾಡಿ ಹಪ್ಪಳ ಎದ್ದಂಗ ಲ್ಯಾಕರು,
ಅದರ ಬುಡಕ ಬಿಳಿ ಪುಡಿ, ಉಗುರಿಗೆ ಹತ್ತತಿತ್ತು.
'ಹೊಸಾವು ಸಿಗತಾವಲ್ಲ, ಕ್ರೋಮಿನವು' ಅಂದ್ಲು ಮಗಳು.
ಇನಾಸ್ ಬಾಬ ತಲಿ ಅಲ್ಲಾಡಿಸಿದ:
ಗಾಡಿಕೂಡ ಹುಟ್ಟಿದ್ದು ಗಾಡಿಕೂಡನ ಇರಲಿ.

ನಮ್ಮಪ್ಪ ಕಲಾಯಿಗಾರ.
ಹೊಳೆಆಲೂರ, ರೋಣ, ಗಜೇಂದ್ರಗಡ, ಸಂತಿ ಸಂತಿ.
ಹಂಡ್ಯಾಗ ಉಸುಕು ಹಾಕಿ, ಗೋಣಿತಟ್ಟು ಹಾಸಿ
ನನ್ನ ಒಳಗ ಇಳಸತಿದ್ದ. ಎಂಟು ವರ್ಷದಾಕಿ,
ಅಂಚು ಹಿಡಕೊಂಡು ಸೊಂಟ ತಿರುವಿ ತಿರುವಿ
ಕಾಲಿಲೆ ತಿಕ್ಕತಿದ್ದೆ.
ಆಮ್ಯಾಲ ನವಸಾಗರದ ಹೊಗಿ, ತವರದ ಒಂದು ಗೆರಿ,
ಅರಿವಿ ಆಡಿಸಿದ್ರ ತಳದಾಗ ನನ್ನ ಹಲ್ಲು ಕಾಣತಿದ್ವು.
ಆ ಹೊಳಪು ಮ್ಯಾಲಿಂದು. ವರ್ಷಕ್ಕ ಸವೀತಿತ್ತು,
ಅದಕ್ಕ ನಮಗ ಅನ್ನ ಇತ್ತು.

ಇದು ಉಲ್ಟಾ. ಇಲ್ಲಿ ಹಚ್ಚೂದಿಲ್ಲ, ತಗಿಯೂದು.
ಟಯರು ಬಿಚ್ಚು, ಸೀಸದ ತುಂಡು ಕೀಳು,
ಪೊರಿ ಕರಗೋ ಎಣ್ಣಿ ಹಚ್ಚು, ಕೈ ಉರೀತಾವ.
ಮುನ್ನೂರಾ ಇಪ್ಪತ್ತು ನಂಬರಿನ ಹಾಳಿ, ನೀರು ಬಿಟಗೋತ.
ನಾನೂರು. ಆರನೂರು.
ಹಿಂದಿನ ಹಾಳಿ ಮಾಡಿದ ಗೀರು ಮುಂದಿನ ಹಾಳಿ ಅಳಸಬೇಕು,
ತನ್ನವು ಸಣ್ಣವು ಬಿಡಬೇಕು.
ಎರಡು ಸಾವಿರಕ್ಕ ಬರೂದರಾಗ ಐತ್ವಾರ ದಾಟಿ
ಬುಧವಾರ ಆಗಿರತೈತಿ.
ಬಫ್ಫು ಹಿಡದ್ರ ಮೊದಲ ಬರೂದು ಹೊಳಪಲ್ಲ, ಮಸಿ.
ಮೂಗಿನಾಗ, ಹುಬ್ಬಿನಾಗ, ರೊಟ್ಟಿ ಮುರದ್ರ ರೊಟ್ಟಿಮ್ಯಾಲ.
ಕಡೀಕ ಹಿಟ್ಟು ಸವರಿ ಒರಸಬೇಕು.
ಜ್ವಾಳದ್ದು ನಡಿಯೂದಿಲ್ಲ, ಗೀರತೈತಿ. ಮೈದಾ ಬೇಕು.
ಊರು ಬಿಟ್ಟ ಇಪ್ಪತ್ತೆರಡು ವರ್ಷಕ್ಕ
ಮೈದಾಕ್ಕ ಒಂದು ಉಪಯೋಗ ಸಿಕ್ಕತು.

ಹಿಂದಿನ ಜೋಡಿ ಗಾಲಿಯ ರೀತಿನ ಬ್ಯಾರೆ.
ಹೊರಗಿಂದು ತನ್ನ ಬೆನ್ನು ನಮಗ ತೋರಸತೈತಿ,
ಪರಾತದಂಗ ಆಳ. ಅದರ ಮುಖ
ಒಳಗಿನದರ ಮುಖಕ್ಕ ಹತ್ತಿ
ಎಂಟು ಬೋಲ್ಟಿನಾಗ ಬಿಗಿದಿರತೈತಿ.
ಒಳಗಿಂದು ಬಿಸಲು ಕಂಡಿಲ್ಲ. ಹೊರಿ ಅರ್ಧ ಅದರದ.

ಐದು ಮುಗದಿದ್ವು. ಆರನೇದ್ದು, ಎಡಕ್ಕ ಒಳಗಿಂದು.
ಯಾರೋ ಹಿಂದಕ ಬೆಳ್ಳಿ ಬಣ್ಣ ಬಡದಿದ್ರು, ಚಂದಂಗ.
ಎಣ್ಣಿಗೆ ಬಣ್ಣ ಹೋತು,
ಹಾಳಿಗೆ ಬಣ್ಣದ ಬುಡಕಿನ ಪುಟ್ಟಿ ಹೋತು,
ಮೂರನೇ ತೂತಿನಿಂದ ನಾಕನೇದಕ್ಕ
ಕೂದಲೆಳಿಯಂಥದು ಒಂದು ಗೆರಿ.
ಒರಸಿದೆ. ಹೋಗಲಿಲ್ಲ.
ಉಗುರು ಆಡಿಸಿದೆ. ಉಗುರು ನಿಂತತು.

ಇನಾಸ್ ಬಾಬ ಬಗ್ಗಿ ನೋಡಿದ, ಚಸ್ಮಾ ಏರಿಸಿ.
'ಭಿತರ್ಲೆಂ ಗೊ ತೆಂ, ಕೋಣ್ ಪಳೆತಾ?'
ಒಳಗಿಂದದು, ಯಾರು ನೋಡತಾರ.
ಬಣ್ಣ ಹೊಡದು ಕೂಡಸು ಜೈತುನ, ನಾಳೆ ಬೋಟು ಅದಾವು.
ಸಿಟ್ಟಿಲ್ಲ ದನಿಯಾಗ. ಸಂತ್ಯಾಗ ಹೆಂಗಸರೂ
ಅಪ್ಪಗ ಹಿಂಗ ಅಂತಿದ್ರು: ತೂತು ಐತಿ, ಇರಲಿ,
ಮ್ಯಾಲೊಂದು ಕೈ ಕಲಾಯಿ ಎಳಿ.
ಅಪ್ಪ ಎಳೀತಿದ್ದ.
ಆ ದಿನ ಲಗೂನ ಗಂಟು ಕಟ್ಟತಿದ್ದ.

ನಾನು ಸೀಮಿಸುಣ್ಣ ತಗೊಂಡು
ಗೆರಿ ಸುತ್ತ ಒಂದು ಸುತ್ತು ಹಾಕಿದೆ.
ಐದಕ್ಕ ರೊಕ್ಕ ಎಣಿಸಿದ. ಆರನೇದರ ಜಾಗಾಕ್ಕ
ಗುಜರಿಯಿಂದ ಕಬ್ಬಿಣದ್ದು ತಂದು ಹಾಕಿಸಿದ,
ಮೂರು ವಾರ ಮಾತು ಬಿಟ್ಟ.

ಆ ಆರನೇದ್ದು ಇಲ್ಲೇ ಐತಿ.
ಎರಡು ಸಾವಿರದ ಹಾಳಿತನ ತಿಕ್ಕಿದೆ,
ಗಿರಾಕಿ ಇಲ್ಲದ ಮಧ್ಯಾಹ್ನದಾಗ, ಸುಮ್ಮನ.
ಈಗ ನೀರಿನ ಕೊಡಕ್ಕ ಸಿಂಬಿ ಅದು,
ನಡು ತೂತಿಗೆ ಕೊಡದ ತಳ ಸರಿ ಕೂಡತೈತಿ.
ಸೀಮಿಸುಣ್ಣ ಎಂದೋ ತೊಳದು ಹೋಗೇತಿ.
ಮಗಳು ನೀರು ತುಂಬಾಕ ಕೊಡ ಎತ್ತಿದಾಗೆಲ್ಲ
ಉಗುರು ಆಡಿಸಿ ನೋಡತಾಳ.