ಅಡಿಟಿಪ್ಪಣಿ

ಮೇ ಕೊನೆಗೆ ಪುಸ್ತಕದ ದೋಣಿ ಬಂತು.
ದಾರಿಯ ಗಾಳಿಗೆ ಅದಕ್ಕೂ ಹೊಟ್ಟೆ ತೊಳಸಿರಬೇಕು,
ಕಪಾಟಿನಲ್ಲಿದ್ದದ್ದೆಲ್ಲ ನೆಲಕ್ಕೆ ಕಾರಿಕೊಂಡಿತ್ತು.
ತೋರ್‌ಗೈರ್ ಮಂಡಿಯೂರಿ ಹೆಕ್ಕುತ್ತ ಹೇಳಿದ:
ಸೆಪ್ಟೆಂಬರಿನವರೆಗೆ ಈ ಕಡೆ ಬರೋದಿಲ್ಲ, ಬೊರ್ಗ್‌ಹಿಲ್ಡ್,
ಬೇಕಾದಷ್ಟು ತುಂಬಿಕೋ.

ಮೂರು ತಂದೆ.
ಯಾವುದೋ ಊರಿನ ಮುದಿ ಪಾದ್ರಿಯ ಪ್ರಸಂಗಗಳು,
ದೇವರ ಮುಂದೆ ಮಾತಿಲ್ಲದೆ ಕೂರುವ ಬಗೆ.
ನಮ್ಮ ಕರಾವಳಿಯ ಯುದ್ಧಕಾಲದ ಚರಿತ್ರೆ,
ಬಾಗಿಲಿಗೆ ಒತ್ತಿಟ್ಟರೆ ಚಳಿಗಾಲದ ಗಾಳಿಗೂ ಜಗ್ಗದು.
ಆಮೇಲೊಂದು ಕಾದಂಬರಿ,
ರಟ್ಟಿನ ಮೇಲೆ ನಿಂಬೆಗಿಡ ಇತ್ತು, ಅಷ್ಟಕ್ಕೇ.
ನಮ್ಮಲ್ಲಿ ನಿಂಬೆ ಬೆಳೆಯುವುದು ಅಂಗಡಿಯಲ್ಲಿ.

ಜೂನಿನಲ್ಲಿ ಇಲ್ಲಿ ಸೂರ್ಯ ಮುಳುಗುವುದಿಲ್ಲ.
ಹೊರಟೆ ಹೊರಟೆ ಎನ್ನುತ್ತ ಹೊಸಿಲ ತನಕ ಬಂದು
ಮತ್ತೆ ಕೂತುಬಿಡುವ ನೆಂಟನ ಹಾಗೆ.
ದೀಪ ಆರಿಸುವ ನೆಪವೇ ಇಲ್ಲದ ಊರಲ್ಲಿ
ಓದು ನಿಲ್ಲಿಸುವುದು ಹೇಗೆ?
ಪಾದ್ರಿ ಕಾಫಿಯ ಜೊತೆ, ಎರಡೇ ಪುಟ.
ಚರಿತ್ರೆ ಮಧ್ಯಾಹ್ನ, ಮೀನು ಇಳಿಸಿದ ಬೋಳು ಅಟ್ಟಣೆಯ ಕೆಳಗೆ.
ನಿಂಬೆಗಿಡ ರಾತ್ರಿಗೆ,
ರಾತ್ರಿಯಾಯಿತೆಂದು ಗಡಿಯಾರ ಹೇಳಿದ ಮೇಲೆ.

ಕಾದಂಬರಿಯ ಹೆಂಗಸು ಸುಳ್ಳುಗಾತಿ.
ಗಂಡನಿಗೆ, ಮೈದುನನಿಗೆ, ಪಾಪನಿವೇದನೆ ಕೇಳುವ ಗುರುವಿಗೂ ಸುಳ್ಳು.
ನನಗೋ ಅವಳೆಂದರೆ ಪ್ರಾಣ.
ಪಾದ್ರಿ ನಿಜ ಹೇಳುತ್ತಿದ್ದರು, ನಾನು ತೂಕಡಿಸುತ್ತಿದ್ದೆ.
ಕ್ಷಮಿಸು ಕರ್ತನೇ, ಇದ್ದದ್ದು ಇದ್ದ ಹಾಗೆ ಹೇಳಿದೆ.

ಜುಲೈ ಹನ್ನೊಂದು. ಇನ್ನೂರ ಹದಿನಾಲ್ಕನೆಯ ಪುಟದ ತಳದಲ್ಲಿ
ಇರುವೆಸಾಲಿನಂಥ ಅಕ್ಷರ. ನಮ್ಮ ದ್ವೀಪದ ಹೆಸರು.
ನವೆಂಬರಿನ ಒಂದು ರಾತ್ರಿ ಐದು ಜನ, ಇಬ್ಬರು ಮಕ್ಕಳು ಸೇರಿ,
ಕಡಲಾಚೆ ದಾಟಿಸುವ ದೋಣಿಗೆ ಕಾಯುತ್ತ
ಚರ್ಚಿನ ಬಾಗಿಲು ತಟ್ಟಿದರು. ಬೀಗ ಹಾಕಿತ್ತು.
ಬೆಳಗಿನ ಹೊತ್ತಿಗೆ ಅವರನ್ನು ಹಿಡಿದೊಯ್ಯಲಾಗಿತ್ತು.
ಬೀಗದ ಕೈ ಗಂಟೆ ಬಾರಿಸುವವನ ಬಳಿ ಇತ್ತು.
ಇಷ್ಟೇ. ಹೆಸರಿಲ್ಲ.
ಸಿಗಲಿಲ್ಲವೋ, ಬೇಡವೆನಿಸಿತೋ.

ಗಂಟೆ ಬಾರಿಸುವವನು ನನ್ನಪ್ಪ.
ಅದೇ ಬೀಗದ ಕೈ ಈಗ ನನ್ನ ಏಪ್ರನ್ನಿನ ಜೇಬಿನಲ್ಲಿ,
ಬಟ್ಟೆಪಿನ್ನು, ಪುದೀನಾ ಮಿಠಾಯಿಗಳ ನಡುವೆ.

ಮಲಗಿದ್ದನೆ? ಕೇಳಿಸಿತೆ?
ಕೇಳಿಸಿ, ಮಗ್ಗುಲು ಬದಲಿಸಿದನೆ?
ನಾನು ಚಿಕ್ಕವಳಿದ್ದಾಗ ಅವನು ದಿನಾ ನಡುರಾತ್ರಿ ಎದ್ದು
ಬಾಗಿಲ ಬಳಿ ನಿಲ್ಲುತ್ತಿದ್ದ.
ಗಾಳಿ ನೋಡ್ತಾನೆ, ಮಲಗು, ಎನ್ನುತ್ತಿದ್ದಳು ಅಮ್ಮ.
ಬೆಸ್ತರ ಊರಲ್ಲಿ ಅದನ್ನು ಯಾರೂ ಮರುಕೇಳುವುದಿಲ್ಲ.

ಪಾದ್ರಿಯ ಪುಸ್ತಕ ಬಿಚ್ಚಿದೆ: ಮೌನ, ಏಳನೆಯ ಪ್ರಸಂಗ.
ಮುಚ್ಚಿದೆ.
ನಮ್ಮನೆಯಲ್ಲಿ ಅದು ಬೇಕಾದಷ್ಟಿತ್ತು,
ಪಾತ್ರೆಯಲ್ಲಿ, ಹಾಸಿಗೆಯಲ್ಲಿ, ಊಟಕ್ಕೆ ಮುಂಚಿನ ಪ್ರಾರ್ಥನೆಯಲ್ಲಿ.
ದೇವರದ್ದೇ ಎಂದುಕೊಂಡಿದ್ದೆ.

ಹತ್ತು ದಿನ ಯಾವುದನ್ನೂ ಮುಟ್ಟಲಿಲ್ಲ.
ಬೇಲಿಗೆ ಬಣ್ಣ ಬಳಿದೆ. ಒಣಗಿದ ಮೇಲೆ ಮತ್ತೊಮ್ಮೆ.

ಕೊನೆಗೆ ಹೋದದ್ದು ಸುಳ್ಳುಗಾತಿಯ ಬಳಿಗೇ.
ಅಷ್ಟರಲ್ಲಿ ಅವಳು ತನ್ನ ಜೀವಮಾನದ ಮೊದಲ ನಿಜ ಹೇಳಿದಳು,
ತೋಟದ ಕತ್ತೆಗೆ.
ಅಭ್ಯಾಸವಾಗಬೇಕಲ್ಲ.

ನಮ್ಮಲ್ಲಿ ಕತ್ತೆಯಿಲ್ಲ. ನಾನು ಗಂಟೆಯ ಹಗ್ಗಕ್ಕೆ ಹೇಳಿದೆ.
ಅಂದಿನಿಂದ ಚರ್ಚಿಗೆ ಬೀಗ ಹಾಕಿಲ್ಲ.
ಒಂದು ಭಾನುವಾರ ಕುರಿ ನುಗ್ಗಿ ಮೊದಲ ಸಾಲಿನಲ್ಲಿ ಹಿಕ್ಕೆ ಹಾಕಿತ್ತು.
ಹೊಸ ಪಾದ್ರಿಣಿ, ಎಳೆಯ ಹುಡುಗಿ, ಯಾಕಮ್ಮಾ ಎಂದಳು.
ಹೇಳಬಹುದಿತ್ತು. ಪೊರಕೆ ತಂದೆ.

ಸೆಪ್ಟೆಂಬರಿನಲ್ಲಿ ದೋಣಿ ಬಂತು. ನಿಂಬೆಗಿಡ ಕೊಟ್ಟೆ.
ಚರಿತ್ರೆಯನ್ನು ಕೊಡುವಾಗ ಇನ್ನೂರ ಹದಿನಾಲ್ಕು ತೆಗೆದು ತೋರಿಸಿದೆ:
ಅಡಿಟಿಪ್ಪಣಿಯ ಪಕ್ಕ, ಸೀಸದಕಡ್ಡಿಯಲ್ಲಿ,
ಅಪ್ಪನ ಪೂರ್ತಿ ಹೆಸರು.
ಗ್ರಂಥಾಲಯದ ಪುಸ್ತಕದಲ್ಲಿ ಬರೆಯಬಾರದು, ಗೊತ್ತು.
ತೋರ್‌ಗೈರ್ ಓದಿದ. ರಬ್ಬರು ಅವನ ಮೇಜಿನ ಮೇಲೇ ಇತ್ತು.
ಮುದ್ರೆಯೊತ್ತಿ ಕಪಾಟಿಗೆ ಸೇರಿಸಿದ.

ಪಾದ್ರಿಯದ್ದು ಇನ್ನೂ ಮುಗಿದಿಲ್ಲ, ಎಂದೆ,
ಇಟ್ಟುಕೊಳ್ಳಲೆ?
ಈಗ ಬೇಗ ಕತ್ತಲಾಗುತ್ತದೆ.
ಏಳನೆಯ ಪ್ರಸಂಗಕ್ಕೆ ದೀಪ ಬೇಕು.